ರೆಡ್ ಲೈನ್ ಎಂಟಿ-90: ಹಳೇ ಗೇರ್‌ಬಾಕ್ಸ್‌ಗೆ ಹಾಕಬಹುದಾ?

ಮೊದಲೇ ಹೇಳಿಬಿಡುತ್ತೇನೆ, ರೆಡ್ ಲೈನ್ ಕಂಪನಿಯ ಈ ಎಂಟಿ-90 ಒಳ್ಳೆ ಗೇರ್ ಎಣ್ಣೆ. ಆದರೆ ಹಳೇ ಕಾರು ಅಂದಕೂಡಲೇ ಕಣ್ಣು ಮುಚ್ಚಿಕೊಂಡು ಸುರಿಯುವ ಎಣ್ಣೆ ಅಲ್ಲ. ನಾನು ಹಾಕಿರುವುದು ಟ್ರಯಂಫ್ ಸ್ಪಿಟ್‌ಫೈರ್ ಮಾರ್ಕ್ 3 ಅನ್ನುವ ಹಳೇ ಬ್ರಿಟಿಷ್ ಕಾರಿಗೆ. ನಾಲ್ಕು ಗೇರ್, ಓವರ್‌ಡ್ರೈವ್ (ವೇಗವಾಗಿ ಹೋಗುವಾಗ ಇಂಜಿನ್ ಸುತ್ತು ಇಳಿಸಲು ಗೇರ್‌ಬಾಕ್ಸ್ ಹಿಂದೆ ಜೋಡಿಸುವ ಹೆಚ್ಚುವರಿ ಗೇರ್ ಭಾಗ) ಇಲ್ಲ. ಎರಡು, ಮೂರು, ನಾಲ್ಕನೇ ಗೇರಿಗೆ ಸಿಂಕ್ರೊ (ಗೇರ್ ಬೀಳುವ ಮುಂಚೆ ವೇಗಗಳನ್ನು ಸರಿಹೊಂದಿಸುವ ವ್ಯವಸ್ಥೆ) ಇದೆ, ಒಂದಕ್ಕೆ ಇಲ್ಲ. ಸಿಂಕ್ರೊ ರಿಂಗುಗಳು ಹಿತ್ತಾಳೆ ಜಾತಿಯ ಲೋಹದವು. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ.

ಎಣ್ಣೆ ಬಗ್ಗೆ ವಿವರ ಇಷ್ಟು: ಪೂರ್ತಿ ಸಿಂಥೆಟಿಕ್, ಮಂದದ ಗ್ರೇಡ್ 75ಡಬ್ಲ್ಯೂ-90, ಗೇರ್ ಎಣ್ಣೆಯ ದರ್ಜೆ ಎಪಿಐ ಜಿಎಲ್-4. ಸಣ್ಣ ಬಾಟಲಿ ಅಂದರೆ ಒಂದು ಅಮೆರಿಕನ್ ಕ್ವಾರ್ಟ್, ಸುಮಾರು 946 ಮಿಲಿ. ನನ್ನ ಗೇರ್‌ಬಾಕ್ಸ್ ಕುಡಿಯುವುದು 0.85 ಲೀಟರ್. ಒಂದೇ ಬಾಟಲಿ ಸಾಕು, ತಳದಲ್ಲಿ ಸ್ವಲ್ಪ ಉಳಿಯುತ್ತದೆ. ನಿಮ್ಮದು ಒಂದು ಲೀಟರ್ ಕೇಳುವ ಗೇರ್‌ಬಾಕ್ಸ್ ಆದರೆ ಹುಷಾರು, ಬಾಟಲಿ ನೋಡಲು ಲೀಟರ್ ಹಾಗೇ ಕಾಣುತ್ತದೆ, ಆದರೆ ಲೀಟರ್ ಅಲ್ಲ.

ಈಗ ಅಸಲಿ ವಿಷಯ. ಗೇರ್ ಎಣ್ಣೆ ಕೊಳ್ಳುವಾಗ ಎಲ್ಲರೂ ನೋಡುವುದು 90 ಅನ್ನುವ ಸಂಖ್ಯೆ. ಅದು ಎಣ್ಣೆ ಎಷ್ಟು ಮಂದ ಅಂತ ಹೇಳುತ್ತದೆ, ಅಷ್ಟೇ. ಅದಕ್ಕಿಂತ ಮೊದಲು ನೋಡಬೇಕಾದ್ದು ಜಿಎಲ್ ಪಕ್ಕದ ಸಂಖ್ಯೆ. ಸ್ಪಿಟ್‌ಫೈರ್ ಕೈಪಿಡಿ ಕೇಳುವುದು ಹೈಪಾಯ್ಡ್ ಇಪಿ 90, ಅಂದರೆ ಹೈಪಾಯ್ಡ್ ಅನ್ನುವ ಜಾತಿಯ ಗೇರುಗಳಿಗೆ ಮಾಡಿದ, ಅತಿ ಒತ್ತಡ ತಡೆಯುವ ಎಣ್ಣೆ. ಆ ಚೀಟಿ ಹಿಡಿದುಕೊಂಡು ಇವತ್ತು ಅಂಗಡಿಗೆ ಹೋದರೆ ಕೈಗೆ ಬರುವುದು ಬಹುತೇಕ ಜಿಎಲ್-5. ಯಾಕೆಂದರೆ ಈಗ ಹೈಪಾಯ್ಡ್ ಅಂದರೆ ಅದೇ ಅನ್ನುವಂತಾಗಿದೆ. ಅಂಗಡಿಯವರ ತಪ್ಪೇನಿಲ್ಲ. ಕೈಪಿಡಿ ಬರೆದ ಕಾಲದ ಹೈಪಾಯ್ಡ್ ಎಣ್ಣೆ ಈಗಿನ ಜಿಎಲ್-4ಕ್ಕೆ ಹತ್ತಿರದ್ದು, ಈಗಿನದು ಅದಕ್ಕಿಂತ ತುಂಬಾ ಖಾರ.

ಆ ಖಾರ ಯಾವುದು ಅಂದರೆ ಗಂಧಕ ಮತ್ತು ರಂಜಕದ ಸಂಯುಕ್ತಗಳು. ಹಿಂದಿನ ಆಕ್ಸಲ್‌ನಲ್ಲಿ ಹೈಪಾಯ್ಡ್ ಗೇರ್ ಹಲ್ಲುಗಳು ಒಂದರ ಮೇಲೊಂದು ಉಜ್ಜಿಕೊಂಡು ಜಾರುತ್ತವೆ, ಅಲ್ಲಿನ ಒತ್ತಡಕ್ಕೆ ಬರೀ ಎಣ್ಣೆಯ ಪದರ ನಿಲ್ಲುವುದಿಲ್ಲ. ಆಗ ಈ ರಾಸಾಯನಿಕ ಲೋಹಕ್ಕೆ ಅಂಟಿಕೊಂಡು ಹಲ್ಲು ತಿನ್ನದಂತೆ ಕಾಯುತ್ತದೆ. ಜಿಎಲ್-4ರಲ್ಲಿ ಇರುವುದರ ಸುಮಾರು ಎರಡರಷ್ಟು ಜಿಎಲ್-5ರಲ್ಲಿ ಇರುತ್ತದೆ. ಉಕ್ಕಿಗೆ ಒಳ್ಳೆಯದೇ. ಆದರೆ ಗೇರ್‌ಬಾಕ್ಸ್ ಒಳಗೆ ಹಿತ್ತಾಳೆ ಸಿಂಕ್ರೊ ರಿಂಗ್ ಇದೆ, ಕಂಚಿನ ಬುಶ್ ಇದೆ, ಥ್ರಸ್ಟ್ ವಾಷರ್ ಇದೆ. ಎಣ್ಣೆ ಬಿಸಿಯಾದಾಗ ಚುರುಕಾದ ಗಂಧಕ ಈ ಹಳದಿ ಲೋಹಗಳನ್ನು ನಿಧಾನಕ್ಕೆ ತಿನ್ನುತ್ತದೆ.

ಈಗಿನ ಜಿಎಲ್-5 ಎಣ್ಣೆಗಳಲ್ಲಿ ಗಂಧಕವನ್ನು ಸಾಧು ಮಾಡಿರುತ್ತಾರೆ, ಹಿತ್ತಾಳೆಗೆ ಏನೂ ಆಗಲ್ಲ ಅಂತ ವಾದ ಮಾಡುವವರು ಇದ್ದಾರೆ. ಒಂದಷ್ಟು ಎಣ್ಣೆಗಳಿಗೆ ಈ ಮಾತು ನಿಜ. ಎಣ್ಣೆಯ ಮಾಹಿತಿ ಹಾಳೆಯಲ್ಲಿ ಎಎಸ್‌ಟಿಎಂ ಡಿ130 ಅಂತ ಒಂದು ಪರೀಕ್ಷೆಯ ಫಲಿತಾಂಶ ಕೊಟ್ಟಿರುತ್ತಾರೆ. ತಾಮ್ರದ ಪಟ್ಟಿಯನ್ನು ಬಿಸಿ ಎಣ್ಣೆಯಲ್ಲಿ ಅದ್ದಿಟ್ಟು, ಅದು ಎಷ್ಟು ಕಪ್ಪಾಯಿತು ಅಂತ ನೋಡುವುದು. ಫಲಿತಾಂಶ 1ರಿಂದ ಶುರುವಾದರೆ ಒಳ್ಳೆಯದು, 4 ಅಂದರೆ ಪಟ್ಟಿ ಕರ್ರಗಾಗಿದೆ ಅಂತ. ಆದರೆ ಈ ಪರೀಕ್ಷೆ ಹೇಳದ ಇನ್ನೊಂದು ವಿಷಯ ಇದೆ, ಓಡಿಸುವವನ ಕೈಗೆ ಮೊದಲು ಗೊತ್ತಾಗುವುದು ಅದೇ.

ಸಿಂಕ್ರೊ ಕೆಲಸ ಮಾಡುವುದೇ ಉಜ್ಜಾಟದಿಂದ. ನೀವು ಲಿವರ್ ತಳ್ಳಿದಾಗ ರಿಂಗ್ ಹೋಗಿ ಗೇರಿನ ಕೋನ್ ಮೇಲೆ ಕೂರುತ್ತದೆ. ರಿಂಗಿನ ಒಳಮೈಯಲ್ಲಿ ಸಣ್ಣ ಸಣ್ಣ ಗೆರೆ ಕೊರೆದಿರುತ್ತಾರೆ, ಅವು ಎಣ್ಣೆಯ ಪದರವನ್ನು ಕತ್ತರಿಸಿ ಪಕ್ಕಕ್ಕೆ ತಳ್ಳುತ್ತವೆ, ಆಗ ಲೋಹ ಲೋಹವನ್ನು ಹಿಡಿದು ಎರಡರ ವೇಗವೂ ಒಂದಾಗುತ್ತದೆ, ಗೇರ್ ಬೀಳುತ್ತದೆ. ಎಣ್ಣೆ ಅತಿ ಜಾರು ಆದರೆ ರಿಂಗ್ ಹಿಡಿಯುವುದೇ ಇಲ್ಲ, ಕರ್ರ್ ಅನ್ನುತ್ತದೆ. ಅತಿ ಮಂದ ಆದರೆ ಪದರ ಬೇಗ ಕತ್ತರಿಸುವುದಿಲ್ಲ, ಬೆಳಿಗ್ಗೆ ಮೊದಲ ಸಲ ಎರಡನೇ ಗೇರ್ ಹಾಕುವಾಗ ಲಿವರ್ ಅರ್ಧದಲ್ಲೇ ನಿಂತುಬಿಡುತ್ತದೆ. ಇಂಜಿನಿಗೆ ಎಣ್ಣೆ ಎಷ್ಟು ನುಣುಪಾದರೂ ಲಾಭವೇ, ಗೇರ್‌ಬಾಕ್ಸ್‌ಗೆ ಆ ಲೆಕ್ಕ ನಡೆಯಲ್ಲ.

ನನ್ನ ಕಾರಿನಲ್ಲಿ ಮೊದಲು ಇದ್ದದ್ದು ಹಳೇ ಮಾಲೀಕರು ಹಾಕಿದ ಯಾವುದೋ ಗೇರ್ ಎಣ್ಣೆ. ಇಳಿಸುವಾಗಲೇ ಘಾಟು ಗಂಧಕದ ವಾಸನೆ, ಗ್ಲೌಸ್ ತೆಗೆದ ಮೇಲೂ ಕೈ ಬಿಡಲಿಲ್ಲ. ಟ್ರೇಯನ್ನು ಬಿಸಿಲಿಗೆ ಓರೆ ಮಾಡಿ ನೋಡಿದರೆ ಎಣ್ಣೆ ಒಳಗೆ ಚಿನ್ನದ ಬಣ್ಣದ ಪುಡಿ ಮಿನುಗುತ್ತಿತ್ತು. ಮ್ಯಾಗ್ನೆಟ್ ಆಡಿಸಿದೆ. ಬೂದು ಬಣ್ಣದ ಉಕ್ಕಿನ ಪೇಸ್ಟ್ ಸ್ವಲ್ಪ ಅಂಟಿತು, ಅದು ಮಾಮೂಲಿ. ಹೊಳೆಯುವ ಪುಡಿ ಮಾತ್ರ ಅಲ್ಲಾಡಲಿಲ್ಲ. ಅಂದರೆ ಹಿತ್ತಾಳೆ. ಅದನ್ನು ಎಣ್ಣೆಯೇ ತಿಂದದ್ದಾ, ಇಷ್ಟು ವರ್ಷದ ಓಡಾಟಕ್ಕೆ ಸವೆದದ್ದಾ ಅಂತ ಪುಡಿ ನೋಡಿ ಹೇಳುವುದಕ್ಕೆ ಆಗಲ್ಲ. ಆ ಎಣ್ಣೆಯನ್ನು ಅಲ್ಲೇ ಬಿಡುವುದಕ್ಕಂತೂ ಮನಸ್ಸಾಗಲಿಲ್ಲ.

ಎಂಟಿ-90 ಹಾಕಿದ ಮೇಲೆ ಗೊತ್ತಾದ ವ್ಯತ್ಯಾಸ ಮುಖ್ಯವಾಗಿ ತಣ್ಣಗಿರುವಾಗಿನದು. 75ಡಬ್ಲ್ಯೂ ಅನ್ನುವ ಭಾಗದ ಕೆಲಸ ಇದು, ಚಳಿಯಲ್ಲೂ ಎಣ್ಣೆ ಜೇನುತುಪ್ಪ ಆಗಲ್ಲ. ಮೊದಲು ಒಂದರಿಂದ ಎರಡಕ್ಕೆ ಹೋಗುವಾಗ ನ್ಯೂಟ್ರಲ್‌ನಲ್ಲಿ ಒಂದು ಕ್ಷಣ ತಡೆದು, ಲಿವರನ್ನು ಬೆರಳಲ್ಲಿ ಒತ್ತಿ ಹಿಡಿದು ಕಾಯಬೇಕಿತ್ತು. ಈಗ ಆ ಒತ್ತುವಿಕೆ ಇದೆ, ಆದರೆ ಸಣ್ಣದು, ಆಮೇಲೆ ಟಕ್ ಅಂತ ಬೀಳುತ್ತದೆ. ಬಿಸಿಯಾದ ಮೇಲೆ ಮೂರರಿಂದ ಎರಡಕ್ಕೆ ಇಳಿಸುವಾಗಿನ ಕರ್ರ್ ಕಮ್ಮಿ ಆಗಿದೆ, ಪೂರ್ತಿ ಹೋಗಿಲ್ಲ. ಜೋರಾಗಿ ಎಳೆದರೆ ಈಗಲೂ ಗೊಣಗುತ್ತದೆ. ಸವೆದ ರಿಂಗನ್ನು ಯಾವ ಎಣ್ಣೆಯೂ ಹೊಸದು ಮಾಡಲ್ಲ.

ಒಂದನೇ ಗೇರಿಗೆ ಏನೂ ಫರಕಾಗಿಲ್ಲ, ಆಗುವುದೂ ಇಲ್ಲ, ಅಲ್ಲಿ ಸಿಂಕ್ರೊನೇ ಇಲ್ಲವಲ್ಲ. ಗಾಡಿ ನಿಲ್ಲಿಸಿಯೇ ಹಾಕಬೇಕು, ಇಲ್ಲದಿದ್ದರೆ ಡಬಲ್ ಕ್ಲಚ್ (ನ್ಯೂಟ್ರಲ್‌ನಲ್ಲಿ ಒಮ್ಮೆ, ಗೇರ್ ಹಾಕುವಾಗ ಮತ್ತೊಮ್ಮೆ ಕ್ಲಚ್ ಒತ್ತುವುದು) ಮಾಡಬೇಕು. ನ್ಯೂಟ್ರಲ್‌ನಲ್ಲಿ ಬರುವ ಬೇರಿಂಗ್ ಸದ್ದೂ ಹಾಗೇ ಇದೆ. ಹಿಂದಿನ ಸೀಲ್‌ನಿಂದ ಒಂದೊಂದು ಹನಿ ಬೀಳುತ್ತಿದ್ದದ್ದು ಸ್ವಲ್ಪ ಜಾಸ್ತಿ ಆದಂತಿದೆ. ತಣ್ಣಗಿದ್ದಾಗಲೂ ಹರಿಯುವ ಎಣ್ಣೆ ಅಂದರೆ ಹಳೇ ಸೀಲಿನ ಸಂದಿಯಲ್ಲೂ ಹರಿಯುತ್ತದೆ, ದೂರಬೇಕಾದ್ದು ಸೀಲನ್ನು.

ಹಾಗಾದರೆ ಇದನ್ನು ಯಾರು ಹಾಕಬಾರದು? ಎಂಜಿಬಿ ಇಟ್ಟುಕೊಂಡವರು ಬೇಡ, ಅದರ ಗೇರ್‌ಬಾಕ್ಸ್ ಕೇಳುವುದು ಇಂಜಿನ್ ಎಣ್ಣೆ, 20ಡಬ್ಲ್ಯೂ-50. ಹಳೇ ಮಿನಿಯಲ್ಲಿ ಗೇರ್‌ಬಾಕ್ಸ್ ಇರುವುದೇ ಇಂಜಿನ್ ಸಂಪ್ ಒಳಗೆ, ಎರಡಕ್ಕೂ ಒಂದೇ ಎಣ್ಣೆ, ಅಲ್ಲಿ ಈ ಪ್ರಶ್ನೆಯೇ ಬರಲ್ಲ. ಗೇರ್‌ಬಾಕ್ಸ್‌ಗೆ ಇಂಜಿನ್ ಎಣ್ಣೆ ತುಂಬಾ ತೆಳು ಅಲ್ವಾ ಅಂತ ಕೇಳುವವರಿಗೆ: ಗೇರ್ ಎಣ್ಣೆಯ ಅಳತೆಕೋಲೇ ಬೇರೆ, ಇಂಜಿನ್ ಎಣ್ಣೆಯದೇ ಬೇರೆ. ಗೇರ್ ಎಣ್ಣೆಯಲ್ಲಿ 90 ಅಂದರೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 13.5ರಿಂದ 18.5 ಸೆಂಟಿಸ್ಟೋಕ್ (ಮಂದದ ಅಳತೆ), ಇಂಜಿನ್ ಎಣ್ಣೆಯಲ್ಲಿ 50 ಅಂದರೆ 16.3ರಿಂದ 21.9. ಬಿಸಿಯಲ್ಲಿ ಎರಡೂ ಅಕ್ಕಪಕ್ಕದ ಮನೆಯವೇ.

ಲೇಕಾಕ್ ಕಂಪನಿಯ ಓವರ್‌ಡ್ರೈವ್ ಇರುವವರೂ ಸುಮ್ನೆ ಆಸೆಪಡಬೇಡಿ. ಅದು ಗೇರ್‌ಬಾಕ್ಸ್ ಎಣ್ಣೆಯನ್ನೇ ಹಂಚಿಕೊಂಡು, ಅದೇ ಎಣ್ಣೆಯ ಒತ್ತಡದಿಂದ ಕೋನ್ ಕ್ಲಚ್ ಹಿಡಿಸುತ್ತದೆ, ಕೈಪಿಡಿ ಹೇಳಿದ್ದನ್ನು ಬಿಟ್ಟು ಬೇರೆ ಹಾಕಿದರೆ ಜಾರುವ ಅಪಾಯ ಇದೆ. ಡಬ್ಲ್ಯೂ123ರಂಥ ಹಳೇ ಮರ್ಸಿಡಿಸ್‌ಗಳ ಮ್ಯಾನುಯಲ್ ಗೇರ್‌ಬಾಕ್ಸ್ ಕೇಳುವುದು ಎಟಿಎಫ್, ಅದು ಆಟೋಮ್ಯಾಟಿಕ್‌ಗೆ ಹಾಕುವ ಕೆಂಪು ಎಣ್ಣೆ. ಇನ್ನು ಸಿಂಕ್ರೊನೇ ಇಲ್ಲದ, ಎರಡನೇ ಮಹಾಯುದ್ಧಕ್ಕೂ ಹಿಂದಿನ ಕಾರಿಗೆ ಏನೂ ಬೆರೆಸದ ಜಿಎಲ್-1 ಖನಿಜ ಎಣ್ಣೆ ಬೇರೆಯೇ ಸಿಗುತ್ತದೆ. ಆ ಡಬ್ಬಗಳಲ್ಲಿ ಗೇರ್ ಹಾಕುವಾಗ ಹಲ್ಲಿನ ವೇಗ ಇಳಿಸುವುದೇ ಎಣ್ಣೆಯ ಮಂದ, ತೆಳು ಎಣ್ಣೆ ಹಾಕಿದರೆ ಗೇರ್ ಹಾಕುವುದು ಇನ್ನೂ ಕಷ್ಟ.

ಅದೇ ಕಾರಿನ ಹಿಂದಿನ ಆಕ್ಸಲ್‌ಗೆ ಇದೇ ಬಾಟಲಿಯಲ್ಲಿ ಉಳಿದದ್ದನ್ನು ಹಾಕಿ ಮುಗಿಸೋಣ ಅಂತಲೂ ಬೇಡ. ಅಲ್ಲಿರುವುದು ಹೈಪಾಯ್ಡ್, ಅಲ್ಲಿ ಜಿಎಲ್-5 ಇರಲಿ. ಎರಡು ಜಾಗ, ಎರಡು ಬಾಟಲಿ. ಬಾಟಲಿ ಮೇಲೆ ಜಿಎಲ್-4 ಮತ್ತು ಜಿಎಲ್-5 ಎರಡನ್ನೂ ಬರೆದುಕೊಂಡಿರುವ ಎಣ್ಣೆಗಳು ಸಿಗುತ್ತವೆ. 5ರ ಪರೀಕ್ಷೆ ಪಾಸಾಗಬೇಕಾದರೆ 5ರಷ್ಟು ಖಾರ ಇರಲೇಬೇಕಲ್ಲ? ಹಿತ್ತಾಳೆ ಸಿಂಕ್ರೊ ಇರುವ ಡಬ್ಬಕ್ಕೆ ಅವನ್ನು ನಾನು ಹಾಕಲ್ಲ.

ಬದಲಾಯಿಸುವ ಕೆಲಸ ಕಷ್ಟದ್ದಲ್ಲ. ಗಾಡಿ ಸ್ವಲ್ಪ ಓಡಿಸಿ ಎಣ್ಣೆ ಬೆಚ್ಚಗಾದ ಮೇಲೆ ಇಳಿಸಿ. ಆದರೆ ಇಳಿಸುವ ಮುಂಚೆ ತುಂಬುವ ಪ್ಲಗ್ ಬಿಚ್ಚುತ್ತದಾ ನೋಡಿಕೊಳ್ಳಿ. ಅದು ಹಿಡಿದುಕೊಂಡಿದ್ದು ಎಣ್ಣೆ ಮಾತ್ರ ಖಾಲಿ ಆಗಿಬಿಟ್ಟರೆ ಗಾಡಿ ಜಾಕ್ ಮೇಲೇ ಕೂರಬೇಕಾಗುತ್ತದೆ. ಗಾಡಿ ಸಮತಟ್ಟಾಗಿರಲಿ, ತುಂಬುವ ತೂತಿನ ಕೆಳ ಅಂಚಿಗೆ ಎಣ್ಣೆ ಬಂದರೆ ಸಾಕು. ನೇರ ಬಾಟಲಿಯಿಂದ ಹಾಕುವಷ್ಟು ಜಾಗ ಇರುವುದಿಲ್ಲ, ಒಂದು ಪೈಪು, ಕೈಪಂಪು ಹತ್ತಿರ ಇಟ್ಟುಕೊಂಡೇ ಅಡಿಗೆ ಹೋಗಿ.

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ಒಂದು ಅಂಕ ಕಮ್ಮಿ ಯಾಕೆಂದರೆ ಮಾಮೂಲಿ ಖನಿಜ ಎಣ್ಣೆಗಿಂತ ಇದು ದುಬಾರಿ, ಮತ್ತೆ ಎಲ್ಲ ಅಂಗಡಿಯಲ್ಲೂ ಇಡುವುದಿಲ್ಲ. ನಿಮ್ಮ ಸಿಂಕ್ರೊ ಚೆನ್ನಾಗಿದ್ದು, ಚಳಿ ಅಷ್ಟಿಲ್ಲದ ಕಡೆ ಆಗಾಗ ಮಾತ್ರ ಗಾಡಿ ತೆಗೆಯುವವರಾದರೆ, ಬರೀ ಜಿಎಲ್-4 ಅಂತ ಬರೆದಿರುವ ಒಳ್ಳೆ 80ಡಬ್ಲ್ಯೂ-90 ಖನಿಜ ಎಣ್ಣೆಯೇ ಸಾಕು. ಉಳಿದ ದುಡ್ಡಲ್ಲಿ ಹಿಂದಿನ ಸೀಲ್ ಹಾಕಿಸಿ.