ಅಪಸ್ಮಾರ: ದುಡಿಮೆಯೋ, ಅಂಗವೈಕಲ್ಯ ಭತ್ಯೆಯೋ?

ಸರಿಯಾದ ಚಿಕಿತ್ಸೆ ಸಿಕ್ಕರೆ ಅಪಸ್ಮಾರ (ಮೂರ್ಛೆ ರೋಗ) ಉಳ್ಳವರಲ್ಲಿ ಸುಮಾರು 70 ಪ್ರತಿಶತ ಜನ ಸೆಳವು (ಫಿಟ್ಸ್) ಇಲ್ಲದೆ ಬದುಕಬಲ್ಲರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನೀವು ಆ ಗುಂಪಿನಲ್ಲಿದ್ದರೆ ನನ್ನ ಒಲವು ಕೆಲಸದ ಕಡೆಗೇ. ಸಂಬಳದ ಜೊತೆಗೆ ದಿನಚರಿಯೂ ನಾಲ್ಕು ಜನರ ಒಡನಾಟವೂ ಸಿಗುತ್ತವೆ.

ಆದರೆ ಯಾವ ಕೆಲಸ ಎಂಬುದು ಮುಖ್ಯ. ವಾಹನ ಚಾಲನೆ, ಎತ್ತರದ ಮೇಲಿನ ಕೆಲಸ, ತೆರೆದ ಯಂತ್ರಗಳು ಅಪಾಯಕಾರಿ. ರಾತ್ರಿ ಪಾಳಿಯನ್ನು ಹಲವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಿದ್ದೆಗೆಟ್ಟರೆ ಸೆಳವು ಹೆಚ್ಚಬಹುದು. ಸೆಳವು ಬರುವುದು ಒಂದೆರಡು ನಿಮಿಷವಾದರೂ ಅದರ ನಂತರದ ಗೊಂದಲ, ಸುಸ್ತು ಗಂಟೆಗಟ್ಟಲೆ ಉಳಿಯಬಹುದು. ಮಾತ್ರೆಗಳಿಂದ ಮಂಪರು, ಮರೆವು ಬೇರೆ. ಮೇಲಧಿಕಾರಿಗೆ ಇವನ್ನು ವಿವರಿಸುವುದೇ ಅರ್ಧ ಕೆಲಸ!

ಔಷಧಿ ತಪ್ಪದೆ ತೆಗೆದುಕೊಂಡರೂ ಸೆಳವು ನಿಲ್ಲದಿದ್ದರೆ ಭತ್ಯೆಗೆ ಅರ್ಜಿ ಹಾಕುವುದರಲ್ಲಿ ಸಂಕೋಚ ಬೇಡ. ಅಲ್ಲಿ ಕಾಗದಪತ್ರವೇ ಮಾತನಾಡುತ್ತದೆ: ಸೆಳವಿನ ದಿನಾಂಕಗಳು, ಕಣ್ಣಾರೆ ಕಂಡವರ ಹೇಳಿಕೆ, ಔಷಧಿಯ ದಾಖಲೆ, ನರರೋಗ ತಜ್ಞರ ವರದಿ. ಮಿದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿ ಪರೀಕ್ಷೆ ಸಹಜವಾಗಿ ಬಂದ ಮಾತ್ರಕ್ಕೆ ಅಪಸ್ಮಾರ ಇಲ್ಲವೆಂದಲ್ಲ. ಈ ಮಾತನ್ನು ವೈದ್ಯರಿಂದ ಬರೆಸಿಕೊಳ್ಳಿ. ಭತ್ಯೆಯ ಮೊತ್ತ ಸಾಮಾನ್ಯವಾಗಿ ಸಂಬಳಕ್ಕಿಂತ ಕಡಿಮೆ, ಕಾಯುವಿಕೆ ದೀರ್ಘ, ಆಗಾಗ ಮರುಪರಿಶೀಲನೆಯೂ ಇರಬಹುದು.

ಎರಡನ್ನೂ ಬೆರೆಸಲು ಹಲವು ವ್ಯವಸ್ಥೆಗಳು ಬಿಡುತ್ತವೆ. ಎಷ್ಟು ಗಳಿಸಿದರೆ ಭತ್ಯೆ ಕಡಿತವಾಗುತ್ತದೆ, ಕೆಲಸ ಕೈಕೊಟ್ಟರೆ ಮತ್ತೆ ಸಿಗುತ್ತದೆಯೇ ಎಂಬುದನ್ನು ರಾಜೀನಾಮೆಗೆ ಮೊದಲೇ ಲಿಖಿತವಾಗಿ ಕೇಳಿ.