ಎರಡು ಬಾಗಿಲು, ಒಂದು ಛಾವಣಿ

(ಕೊನೆ ಮೊದಲೇ ಗೊತ್ತಾಗಬಾರದು ಎನ್ನುವವರು ಸರಣಿ ನೋಡಿ ಮುಗಿಸಿ ಆಮೇಲೆ ಓದಿ.)

‘ದಿ ಗುಡ್ ಪ್ಲೇಸ್’ ಎಂಬ ಅಮೆರಿಕದ ಟಿವಿ ಸರಣಿಯ ಕೊನೆಯಲ್ಲಿ ಚೀಡಿ ಹೊರಟುಹೋದಾಗ ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಅತ್ತೆ. ‘ಬೋಜ್ಯಾಕ್ ಹಾರ್ಸ್‌ಮನ್’ ಎಂಬ ಕಾರ್ಟೂನ್ ಸರಣಿಯಲ್ಲಿ ಬೋಜ್ಯಾಕ್ ಮತ್ತು ಅವನ ಗೆಳತಿ ಡಯಾನ್ ಛಾವಣಿಯ ಮೇಲೆ ಸುಮ್ಮನೆ ಕೂತು ಕಥೆ ಮುಗಿದಾಗ ಅಕ್ಕ ‘ಇಷ್ಟೇನಾ?’ ಎಂದು ಎದ್ದುಹೋದಳು. ನನಗೆ ಅಳು ಬರಲಿಲ್ಲ. ಆದರೆ ಆ ರಾತ್ರಿ ನಿದ್ದೆಯೂ ಬರಲಿಲ್ಲ. ಯಾವುದು ಹೆಚ್ಚು ತಟ್ಟಿತು ಎಂಬ ಜಗಳ ನಮ್ಮಿಬ್ಬರ ನಡುವೆ ಅಂದು ಶುರುವಾದದ್ದು.

ಎರಡೂ ಕೊನೆಗಳು ಬಂದದ್ದು ಒಂದೇ ದಿನದ ಅಂತರದಲ್ಲಿ. ‘ದಿ ಗುಡ್ ಪ್ಲೇಸ್’ ಮುಗಿದದ್ದು 2020ರ ಜನವರಿ 30ರಂದು, ನಾಲ್ಕು ಸೀಸನ್‌ಗಳ ನಂತರ. ‘ಬೋಜ್ಯಾಕ್ ಹಾರ್ಸ್‌ಮನ್’ ಮುಗಿದದ್ದು 31ರಂದು, ಆರು ಸೀಸನ್‌ಗಳ ನಂತರ. ಅಸಂಗತಕ್ಕೆ ಎರಡರಲ್ಲೂ ಬರವಿಲ್ಲ. ಮೊದಲನೆಯದರಲ್ಲಿ ಸತ್ತವರು ಪರಲೋಕದಲ್ಲಿ ಕೂತು ನೀತಿಶಾಸ್ತ್ರ ಕಲಿಯುತ್ತಾರೆ. ಅಲ್ಲಿ ಕಾಲ ನೇರವಾಗಿ ಹರಿಯುವುದಿಲ್ಲ. ಇಂಗ್ಲಿಷ್ ಕೂಡುಬರಹದಲ್ಲಿ ‘ಜೆರಮಿ ಬೇರಿಮಿ’ ಎಂದು ಬರೆದರೆ ಗೆರೆ ಹೇಗೆ ಸುತ್ತಿ ಸುಳಿಯುತ್ತದೋ ಹಾಗೆ ಸಾಗುತ್ತದೆ. ‘ಐ’ ಅಕ್ಷರದ ಮೇಲಿನ ಚುಕ್ಕೆಯಲ್ಲಿ ಮಂಗಳವಾರಗಳಿವೆ, ಜುಲೈ ತಿಂಗಳೂ ಇದೆ. ಎರಡನೆಯದರ ನಾಯಕ ಒಂದು ಕುದುರೆ. ಒಂದು ಕಾಲದ ಟಿವಿ ತಾರೆ, ಈಗ ಕುಡಿದು ಹತ್ತಿರದವರನ್ನೆಲ್ಲ ನೋಯಿಸುವವನು. ಅವನ ಇನ್ನೊಬ್ಬ ಗೆಳತಿ ಒಂದೇ ಕೋಟಿನೊಳಗೆ ಒಬ್ಬರ ಹೆಗಲ ಮೇಲೊಬ್ಬರು ನಿಂತ ಮೂರು ಹುಡುಗರನ್ನು ದೊಡ್ಡ ಗಂಡಸೆಂದೇ ನಂಬಿ ಪ್ರೀತಿಸಿದ್ದಳು.

ಈ ಹುಚ್ಚಾಟಗಳ ಕೊನೆಯಲ್ಲಿ ಎರಡೂ ಕಡೆ ಒಂದೊಂದು ಬಾಗಿಲು ಎದುರಾಗುತ್ತದೆ. ‘ಗುಡ್ ಪ್ಲೇಸ್’ನ ಬಾಗಿಲು ಕಾಡಿನ ನಡುವೆ ಇದೆ. ಇನ್ನು ಸಾಕು ಅನ್ನಿಸಿದವರು ತಾವಾಗಿಯೇ ಅದನ್ನು ದಾಟಿ ಇಲ್ಲವಾಗುತ್ತಾರೆ. ಚೀಡಿ ಹೊರಡುವ ಮುನ್ನ ತನ್ನ ಪ್ರೇಯಸಿ ಎಲೆನರ್‌ಗೆ ಬೌದ್ಧರ ಮಾತೊಂದನ್ನು ಹೇಳುತ್ತಾನೆ: ಅಲೆ ದಡಕ್ಕೆ ಬಡಿದು ಇಲ್ಲವಾದರೂ ನೀರು ಎಲ್ಲಿಗೂ ಹೋಗುವುದಿಲ್ಲ, ಸಮುದ್ರಕ್ಕೆ ಮರಳುತ್ತದೆ. ಅವಳು ಬೆಳಿಗ್ಗೆ ಎದ್ದಾಗ ಅವನಿಲ್ಲ. ಅವನದೇ ಫೋಟೋಗಳಿರುವ ಒಂದು ಕ್ಯಾಲೆಂಡರ್ ಬಿಟ್ಟುಹೋಗಿದ್ದಾನೆ. ಅಕ್ಕನ ಕಟ್ಟೆಯೊಡೆದದ್ದು ಅಲೆಯ ಮಾತಿಗಲ್ಲ, ಆ ಕ್ಯಾಲೆಂಡರಿಗೆ. ಅದು ಸರಿಯೇ. ತಮಾಷೆಯ ವಸ್ತುವೊಂದು ದುಃಖದ ನಟ್ಟನಡುವೆ ಬಂದು ಕೂತರೆ ತಡೆದುಕೊಳ್ಳುವುದು ಕಷ್ಟ.

ಬೋಜ್ಯಾಕ್‌ನ ಬಾಗಿಲು ಇರುವುದು ಕೊನೆಯ ಕಂತಿನ ಹಿಂದಿನ ಕಂತಿನಲ್ಲಿ. ಅವನು ಮುಳುಗುತ್ತಿರುವಾಗಿನ ಕನಸು ಅದು. ಸತ್ತವರ ಜೊತೆ ಊಟ, ಆಮೇಲೆ ಒಬ್ಬೊಬ್ಬರದೇ ಪ್ರದರ್ಶನ, ಕೊನೆಗೆ ಬರೀ ಕತ್ತಲು ತುಂಬಿದ ಬಾಗಿಲು. ಒಬ್ಬ ಪದ್ಯ ಓದುತ್ತಿದ್ದಂತೆ ಬಾಗಿಲೇ ಅವನ ಕಡೆ ಸರಿದು ಬರುತ್ತದೆ. ಆಚೆ ಕಡೆ ಸಿಗೋಣ ಎಂದು ಬೋಜ್ಯಾಕ್ ಅಂದರೆ ಹಳೆಯ ಗೆಳೆಯ ಹರ್ಬ್, ಆಚೆ ಕಡೆ ಅನ್ನುವುದೇ ಇಲ್ಲ ಎನ್ನುತ್ತಾನೆ. ಭಯವೇ ಅಳತೆಗೋಲಾದರೆ ಇದರ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ.

ಇಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಬೋಜ್ಯಾಕ್ ಬದುಕುತ್ತಾನೆ, ಜೈಲಿಗೆ ಹೋಗುತ್ತಾನೆ, ಒಂದು ಮದುವೆಗೆಂದು ಹೊರಬರುತ್ತಾನೆ. ಕೊನೆಯ ಕಂತಿನಲ್ಲಿರುವುದು ನಾಲ್ಕು ಮಾತುಕತೆಗಳು ಮಾತ್ರ. ಕೊನೆಯದು ಡಯಾನ್ ಜೊತೆ. ನಾವು ಮಾತಾಡುವುದು ಇದೇ ಕೊನೆಯಾದರೆ ತಮಾಷೆಯಾಗಿರುತ್ತದೆ ಅಲ್ಲವಾ, ಎಂದು ಅವನು ಕೇಳುತ್ತಾನೆ. ಅದು ತಮಾಷೆಯಲ್ಲ ಎಂದು ಇಬ್ಬರಿಗೂ ಗೊತ್ತು. ಸ್ವಲ್ಪ ಹೊತ್ತಿನಲ್ಲೇ ಮಾತು ಮುಗಿಯುತ್ತದೆ. ಇಬ್ಬರೂ ಒಮ್ಮೆ ಆಕಾಶ ನೋಡುತ್ತಾರೆ, ಒಮ್ಮೆ ಪರಸ್ಪರ. ಯಾರೂ ಏಳುವುದಿಲ್ಲ.

ಎರಡನೆಯ ಸಲ ಕೊನೆಯ ಕಂತುಗಳನ್ನಷ್ಟೇ ಬಿಡಿಯಾಗಿ ನೋಡಿದೆ. ‘ಗುಡ್ ಪ್ಲೇಸ್’ ಅಲ್ಲಿ ಸ್ವಲ್ಪ ಸೋತಿತು. ಹಿಂದಿನ ಕಂತುಗಳ ಒಡನಾಟವಿಲ್ಲದೆ ನೋಡಿದರೆ ಒಬ್ಬರಾದ ಮೇಲೊಬ್ಬರು ವಿದಾಯ ಹೇಳುವುದು ಉದ್ದವಾಯಿತು ಅನ್ನಿಸಿತು. ಇದೇ ಪರೀಕ್ಷೆಯಲ್ಲಿ ಎಲ್ಲವನ್ನೂ ಮೀರಿಸುವುದು ಮೊದಲ ಮಹಾಯುದ್ಧದ ಕುರಿತ 1989ರ ಬ್ರಿಟಿಷ್ ಹಾಸ್ಯ ಸರಣಿ ‘ಬ್ಲ್ಯಾಕ್‌ಆ್ಯಡರ್ ಗೋಸ್ ಫೋರ್ತ್’. ಕಂದಕದಲ್ಲಿರುವ ಸೈನಿಕ ಯುದ್ಧ ತಪ್ಪಿಸಿಕೊಳ್ಳಲು ಮೂಗಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಹುಚ್ಚನ ವೇಷ ಹಾಕುತ್ತಾನೆ. ಅರ್ಧ ಗಂಟೆಯೊಳಗೆ ಅವರೆಲ್ಲ ಗುಂಡಿನ ಮಳೆಗೆ ಓಡುತ್ತಾರೆ, ದೃಶ್ಯ ನಿಧಾನವಾಗುತ್ತದೆ, ಕೆಂಪು ಗಸಗಸೆ ಹೂಗಳ ಬಯಲಾಗಿ ಕರಗುತ್ತದೆ. ಹಿಂದಿನದೇನೂ ತಿಳಿಯದವರಿಗೂ ಇದು ತಾಗುತ್ತದೆ. ‘ಟ್ವಿನ್ ಪೀಕ್ಸ್’ ಎಂಬ ನಿಗೂಢ ಸರಣಿಯ 2017ರ ಮುಕ್ತಾಯವನ್ನೂ ನೋಡಿದೆ. ಕೊನೆಯ ಚೀರಾಟಕ್ಕೆ ಮೈ ನಡುಗಿತು, ಆದರೆ ಅದು ಬೆಚ್ಚಿಸಿತೇ ಹೊರತು ಒಳಗೆ ಇಳಿಯಲಿಲ್ಲ. ಅದನ್ನು ಈ ಸಾಲಿನಲ್ಲಿ ಕೂರಿಸಲಾರೆ.

ಮೂರನೆಯ ಸಲ ನೋಡುವ ಹೊತ್ತಿಗೆ ಹನ್ನೆರಡು ವರ್ಷಗಳಿಂದ ಗೆಳತಿಯಾಗಿದ್ದವಳೊಬ್ಬಳು ನನ್ನ ಬದುಕಿನಿಂದ ಸರಿದುಹೋಗಿದ್ದಳು. ಜಗಳವಿಲ್ಲ, ವಿದಾಯವಿಲ್ಲ. ನಾವು ಕೊನೆಯದಾಗಿ ಮಾತಾಡಿದ್ದು ಯಾವತ್ತು ಎಂದು ಹುಡುಕಿದೆ. ಯಾರಿಗೋ ಕೊಡಬೇಕಿದ್ದ ಒಂದು ವಿಳಾಸದ ವಿಷಯ. ಅದೇ ಕೊನೆ ಎಂದು ಗೊತ್ತಿದ್ದರೆ ಇನ್ನೂ ಎರಡು ಮಾತು ಆಡುತ್ತಿದ್ದೆ. ಈ ಸಲ ‘ಗುಡ್ ಪ್ಲೇಸ್’ನ ಬಾಗಿಲು ನನಗೆ ತೀರಾ ದಯೆಯುಳ್ಳದ್ದಾಗಿ ಕಂಡಿತು. ಅಲ್ಲಿ ಹೋಗುವವರು ಸಿದ್ಧರಾಗಿ ಹೋಗುತ್ತಾರೆ, ಹೇಳಿ ಹೋಗುತ್ತಾರೆ, ಕ್ಯಾಲೆಂಡರ್ ಆದರೂ ಬಿಟ್ಟುಹೋಗುತ್ತಾರೆ. ಅತ್ತು ಹಗುರಾಗಬೇಕಾದ ದಿನ ನಾನು ಅದನ್ನೇ ನೋಡುತ್ತೇನೆ, ಸಾವಿಗೆ ಹೆದರುವ ಯಾರಿಗಾದರೂ ಅದನ್ನೇ ಹೇಳುತ್ತೇನೆ. ಆದರೆ ಬದುಕಿದ್ದೂ ಕಳೆದುಹೋಗುವವರ ಬಗ್ಗೆ ಹೇಳಿದ್ದು ಛಾವಣಿಯ ಮೇಲಿನ ಆ ಮೌನ ಒಂದೇ. ನನ್ನ ಮಟ್ಟಿಗೆ ಅದೇ ಹೆಚ್ಚು.

ಅಕ್ಕ ಈಗಲೂ ಒಪ್ಪಿಲ್ಲ. ‘ಏನಾದರೂ ಹೇಳಿ ಎದ್ದುಹೋಗಬಾರದಿತ್ತಾ ಆ ಡಯಾನ್?’ ಎನ್ನುತ್ತಾಳೆ.

ಅವಳು ಎದ್ದುಹೋಗುವುದನ್ನು ನೋಡಲು ನಾನು ಸಿದ್ಧಳಿರಲಿಲ್ಲ ಅಕ್ಕ.