ಎಲ್‌ವಿಎಂ, ವೆರಿಟಾಸ್, ಝಡ್‌ಎಫ್‌ಎಸ್: ಒಂದೇ ಯಂತ್ರದಲ್ಲಿ ಮೂರರ ಹೋಲಿಕೆ

ಪುಣೆಯ ಹಿಂಜವಡಿಯಲ್ಲಿರುವ ನಮ್ಮ ಕಚೇರಿಯ ಹಳೆಯ ಸರ್ವರ್‌ಗಳನ್ನು ಬದಲಿಸುವ ಸಂದರ್ಭದಲ್ಲಿ, ಡಿಸ್ಕ್‌ಗಳ ನಿರ್ವಹಣೆಗೆ ಯಾವ ತಂತ್ರಾಂಶವನ್ನು ನೆಚ್ಚಬೇಕೆಂದು ತೀರ್ಮಾನಿಸುವ ಹೊಣೆ ನನ್ನ ಪಾಲಿಗೆ ಬಂತು. ಧಾರವಾಡದಿಂದ ಬಂದು ಸೇರಿದ ಕಿರಿಯ ಸಹೋದ್ಯೋಗಿಯೊಡನೆ, ನಾಲ್ಕು ಡಿಸ್ಕ್‌ಗಳ ಪರೀಕ್ಷಾ ಯಂತ್ರವೊಂದರಲ್ಲಿ ಹಲವು ಡಿಸ್ಕ್‌ಗಳ ಜಾಗವನ್ನು ಒಟ್ಟುಗೂಡಿಸಿ ಬೇಕಾದಂತೆ ಹಂಚಿಕೊಡುವ ಲಿನಕ್ಸ್‌ನ ಎಲ್‌ವಿಎಂ (ಲಾಜಿಕಲ್ ವಾಲ್ಯೂಮ್ ಮ್ಯಾನೇಜರ್), ವೆರಿಟಾಸ್ ವಾಲ್ಯೂಮ್ ಮ್ಯಾನೇಜರ್ ಮತ್ತು ಫೈಲ್‌ಗಳ ಜೋಡಣೆಯನ್ನೂ ತಾನೇ ನೋಡಿಕೊಳ್ಳುವ ಝಡ್‌ಎಫ್‌ಎಸ್ ಈ ಮೂರನ್ನೂ ಒಂದಾದ ಮೇಲೊಂದರಂತೆ ಸ್ಥಾಪಿಸಿ ನೋಡಿದೆ.

ಜಾಗ ಹಿಗ್ಗಿಸುವುದರಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಕುಗ್ಗಿಸುವಾಗ ಮಾತ್ರ ಎಲ್‌ವಿಎಂ ಮೇಲಿನ ಎಕ್ಸ್‌ಟಿ4 ಫೈಲ್ ಸಿಸ್ಟಂ (ಫೈಲ್‌ಗಳನ್ನು ಡಿಸ್ಕ್‌ನಲ್ಲಿ ಜೋಡಿಸಿಡುವ ವ್ಯವಸ್ಥೆ) ಅನ್ನು ಮೊದಲು ಅನ್‌ಮೌಂಟ್ ಮಾಡಬೇಕಾಯಿತು, ಎಂದರೆ ಬಳಕೆಯಿಂದ ಬಿಡಿಸಬೇಕಾಯಿತು. ಝಡ್‌ಎಫ್‌ಎಸ್‌ನಲ್ಲಿ ಎಲ್ಲ ಫೈಲ್ ಸಿಸ್ಟಂಗಳೂ ಒಂದೇ ಪೂಲ್‌ನ (ಡಿಸ್ಕ್‌ಗಳ ಒಟ್ಟು ಸಂಗ್ರಹದ) ಜಾಗವನ್ನು ಹಂಚಿಕೊಳ್ಳುವುದರಿಂದ ಆ ಪ್ರಶ್ನೆಯೇ ಏಳಲಿಲ್ಲ.

1998ರಲ್ಲಿ ಹೈನ್ಸ್ ಮಾವೆಲ್ಸ್‌ಹಾಗನ್ ಅವರು ಎಚ್‌ಪಿ ಕಂಪನಿಯ ಯುನಿಕ್ಸ್ ಆದ ಎಚ್‌ಪಿ-ಯುಎಕ್ಸ್‌ನ ವಾಲ್ಯೂಮ್ ಮ್ಯಾನೇಜರ್ ಮಾದರಿಯಲ್ಲಿ ಬರೆದ ಎಲ್‌ವಿಎಂ ಬಗ್ಗೆ ನನಗೆ ಹಳೆಯ ಪ್ರೀತಿಯಿದೆ. ಡೇಟಾಬೇಸ್ ನಡೆಯುತ್ತಿರುವಾಗಲೇ ಪಿವಿಮೂವ್ ಆಜ್ಞೆಯಿಂದ ಒಂದು ಡಿಸ್ಕನ್ನು ಪೂರ್ತಿ ತೆರವು ಮಾಡಬಹುದು. ಆದರೆ ಅದರ ಸಾಮಾನ್ಯ ಸ್ನ್ಯಾಪ್‌ಶಾಟ್‌ಗೆ (ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಡುವ ಪ್ರತಿಗೆ) ಕೊಟ್ಟ ಜಾಗ ತುಂಬಿತೆಂದರೆ ಸ್ನ್ಯಾಪ್‌ಶಾಟ್ ಅಸಿಂಧುವಾಗುತ್ತದೆ. ಬ್ಯಾಕಪ್‌ನ ನಟ್ಟನಡುವೆ ಇದನ್ನು ಅನುಭವಿಸಿದವನಿಗೆ ಇದು ಸಣ್ಣ ಮಾತಲ್ಲ.

ವೆರಿಟಾಸ್‌ನ ಅಭಿವೃದ್ಧಿ ಕೇಂದ್ರ ಪುಣೆಯಲ್ಲೇ ಇದ್ದುದರಿಂದ ಅದರ ಒಳಹೊರಗು ಬಲ್ಲವರು ಈ ಊರಿನಲ್ಲಿ ಸಿಗುತ್ತಾರೆ. ಡಿಸ್ಕ್ ಕೆಟ್ಟಾಗ ಅದರ ಪಾಲನ್ನು ಉಳಿದ ಖಾಲಿ ಜಾಗದಲ್ಲಿ ತಾನಾಗಿಯೇ ಮರುನಿರ್ಮಿಸುವ ಅದರ ವ್ಯವಸ್ಥೆ ಮೆಚ್ಚುವಂಥದು. ಪರವಾನಗಿಯ ಹಣ ತೆರಬೇಕಾದ್ದರಿಂದ ಚಿಕ್ಕ ಸಂಸ್ಥೆಗಳಿಗೆ ಅದು ಹೊರೆಯೇ.

ನನ್ನ ಮನಸ್ಸನ್ನು ನಿರ್ಧರಿಸಿದ್ದು ಬೇರೊಂದು ಪರೀಕ್ಷೆ. ಮಿರರ್ ಮಾಡಿದ, ಎಂದರೆ ಒಂದೇ ಮಾಹಿತಿಯ ಪ್ರತಿಗಳನ್ನಿಟ್ಟ, ಎರಡು ಡಿಸ್ಕ್‌ಗಳಲ್ಲಿ ಒಂದರ ನಡುಭಾಗಕ್ಕೆ ಡಿಡಿ ಆಜ್ಞೆಯಿಂದ 100 ಎಂಬಿಯಷ್ಟು ಕಸವನ್ನು ಬರೆದೆ. ತಪಾಸಣೆ ನಡೆಸಿದಾಗ ಎಲ್‌ವಿಎಂ ಎರಡು ಪ್ರತಿಗಳು ಎಷ್ಟು ಕಡೆ ಹೊಂದುತ್ತಿಲ್ಲವೆಂದು ಎಣಿಸಿ ಹೇಳಿತೇ ಹೊರತು, ಅವುಗಳಲ್ಲಿ ಸರಿಯಾದದ್ದು ಯಾವುದೆಂದು ತಿಳಿಯುವ ಉಪಾಯ ಅದರ ಬಳಿ ಇರಲಿಲ್ಲ. ಮಾಹಿತಿ ಕೆಟ್ಟಿದೆಯೇ ಎಂದು ಪತ್ತೆಹಚ್ಚುವ ಇಂಟೆಗ್ರಿಟಿ ಪದರವನ್ನು ಸೇರಿಸಿದರೆ ತಿಳಿಯುತ್ತದೆ, ಆದರೆ ಬರೆಯುವ ವೇಗ ತಗ್ಗುತ್ತದೆ. ವೆರಿಟಾಸ್‌ನ ಮಿರರ್ ಕೂಡ ಬ್ಲಾಕ್‌ಗಳ (ಮಾಹಿತಿಯ ತುಣುಕುಗಳ) ಚೆಕ್‌ಸಮ್, ಎಂದರೆ ಸರಿಯಿದೆಯೇ ಎಂದು ತಾಳೆ ನೋಡುವ ಸಂಖ್ಯೆ, ಇಟ್ಟುಕೊಂಡಿರಲಿಲ್ಲ. ಝಡ್‌ಎಫ್‌ಎಸ್ ಪ್ರತಿಯೊಂದು ಬ್ಲಾಕ್‌ನ ಚೆಕ್‌ಸಮ್ಮನ್ನು ಅದನ್ನು ಸೂಚಿಸುವ ಮೇಲಿನ ಬ್ಲಾಕ್‌ನಲ್ಲಿ ಇಡುವುದರಿಂದ, ಸ್ಕ್ರಬ್ (ಇಡೀ ಪೂಲ್‌ನ ತಪಾಸಣೆ) ಮುಗಿಯುವಷ್ಟರಲ್ಲಿ ಕೆಟ್ಟ ಪ್ರತಿಯನ್ನು ಗುರುತಿಸಿ, ಒಳ್ಳೆಯದರಿಂದ ಅದನ್ನು ತಿದ್ದಿ, ಯಾವ ಡಿಸ್ಕಿನಲ್ಲಿ ಎಷ್ಟು ದೋಷಗಳಿದ್ದವೆಂಬ ಲೆಕ್ಕವನ್ನೂ ಮುಂದಿಟ್ಟಿತು. ನನ್ನ ಪಕ್ಕದಲ್ಲಿದ್ದ ಹುಡುಗ ಆ ಲೆಕ್ಕವನ್ನು ಎರಡು ಸಲ ಓದಿದ.

ಝಡ್‌ಎಫ್‌ಎಸ್‌ಗೂ ಕಟ್ಟುಪಾಡುಗಳಿವೆ. ಲಿನಕ್ಸ್‌ನ ಪರವಾನಗಿಯೊಡನೆ ಹೊಂದದೆಂದು ಎಣಿಸಲಾದ ಅದರ ಸಿಡಿಡಿಎಲ್ ಪರವಾನಗಿಯ ಕಾರಣದಿಂದ ಅದು ಲಿನಕ್ಸ್ ಕರ್ನಲ್‌ನ (ಆಪರೇಟಿಂಗ್ ಸಿಸ್ಟಂನ ತಿರುಳಿನ) ಭಾಗವಾಗಿಲ್ಲ. ಕರ್ನಲ್ ಬದಲಾದಾಗಲೆಲ್ಲ ಅದರ ಪ್ರತ್ಯೇಕ ಮಾಡ್ಯೂಲ್ ಹೊಂದುತ್ತದೆಯೇ ಎಂದು ನೋಡಬೇಕು. ರೇಡ್-ಝಡ್ (ಡಿಸ್ಕ್ ಕೆಟ್ಟರೂ ಮಾಹಿತಿ ಉಳಿಯುವಂತೆ ಹಲವು ಡಿಸ್ಕ್‌ಗಳಲ್ಲಿ ಹರಡುವ ಜೋಡಣೆ) ಇರುವ ಪೂಲ್‌ಗೆ ತಪ್ಪಿ ಒಂಟಿ ಡಿಸ್ಕನ್ನು ಸೇರಿಸಿದರೆ ಅದನ್ನು ಹೊರತೆಗೆಯಲಾಗದು. ಡೇಟಾಬೇಸ್‌ಗಾಗಿ ಮೊದಲೇ ಇರುವ 128 ಕೆಬಿ ರೆಕಾರ್ಡ್ ಗಾತ್ರವನ್ನು (ಒಂದು ಬ್ಲಾಕ್‌ನ ಗರಿಷ್ಠ ಗಾತ್ರವನ್ನು) 16 ಕೆಬಿಗೆ ಇಳಿಸಿದ ಮೇಲೆಯೇ ವೇಗ ಸಮಾಧಾನಕರವೆನಿಸಿತು.

ಹೀಗಾಗಿ ಆಪರೇಟಿಂಗ್ ಸಿಸ್ಟಂ ಇರುವ ಡಿಸ್ಕ್‌ಗಳನ್ನು ಎಲ್‌ವಿಎಂನಲ್ಲೇ ಉಳಿಸಿ, ವರ್ಷಗಟ್ಟಲೆ ಕಾಪಾಡಬೇಕಾದ ದಾಖಲೆಗಳನ್ನೆಲ್ಲ ಝಡ್‌ಎಫ್‌ಎಸ್ ಮಿರರ್‌ಗಳಿಗೆ ಸಾಗಿಸಿ, ತಿಂಗಳಿಗೊಮ್ಮೆ ಸ್ಕ್ರಬ್ ನಡೆಯುವಂತೆ, ನಿಗದಿತ ಕೆಲಸಗಳನ್ನು ತಾನಾಗಿ ನಡೆಸುವ ಕ್ರಾನ್‌ನಲ್ಲಿ ಹಾಕಿದ್ದೇನೆ.